ಕುಳಿತರೆ ಕಂದು, ಹಾರಿದರೆ ಹಸಿರು: ತೋಡಿನ ಈ ಏರೋಪ್ಲೇನ್ ಚಿಟ್ಟೆ ಒಂದೇ ಜಾತಿಯದೇ?

ಪ್ರಶ್ನೆ: ತೋಡಿನ ಕರೆ (ಪೆರ್ಲ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿದೆ. ಅಡಿಕೆ ತೋಟದ ಕೆಳಬದಿಯಲ್ಲಿ ಗುಡ್ಡೆಯಿಂದ ಇಳಿದು ಬರುವ ತೋಡೊಂದಿದ್ದು, ಅದರ ನೀರು ಮುಂದೆ ಶಿರಿಯಾ ಹೊಳೆಗೆ ಸೇರುತ್ತದೆ. ದೀಪಾವಳಿ ಕಳೆದು ತೋಡಿನ ಕೆಂಪುನೀರು ತಿಳಿಯಾದ ಮೇಲೆ, ಅಲ್ಲಿ ಒಂದು ಬಗೆಯ ಏರೋಪ್ಲೇನ್ ಚಿಟ್ಟೆಯನ್ನು ಪ್ರತಿ ವರ್ಷವೂ ನೋಡುತ್ತ ಬಂದಿದ್ದೇನೆ. ಆದರೆ ಆರನೆಯ ತರಗತಿಯಲ್ಲಿರುವ ಮಗಳು ಶಾಲೆಯ ಪ್ರಾಜೆಕ್ಟಿಗಾಗಿ ಅದರ ಚಿತ್ರ ಬರೆಯಲು ಕುಳಿತಾಗಲೇ, ನಾನು ಅದನ್ನು ಇಷ್ಟು ದಿನ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಅರಿವಾಯಿತು. ರೆಕ್ಕೆಗೆ ಯಾವ ಬಣ್ಣ ಹಚ್ಚಲಿ ಎಂದು ಅವಳು ಕೇಳಿದಳು. ನಾನು ಹಸಿರು ಎಂದೆ. ಅವಳು ಸಂಕದ (ಕಾಲುಸೇತುವೆಯ) ಮೇಲೆ ಅರ್ಧ ಗಂಟೆ ಕುಳಿತು ನೋಡಿ ಬಂದು, ಕಂದು ಎಂದಳು.

ಮರುದಿನ ಬೆಳಗ್ಗೆ ಹತ್ತರ ಬಿಸಿಲಿಗೆ ನಾವಿಬ್ಬರೂ ಹೋಗಿ ಕುಳಿತೆವು. ನೀರಿನ ನಡುವಿನ ಬಂಡೆಯ ಮೇಲೆ ಕುಳಿತಿದ್ದಾಗ ಅದರ ಮೈ ಮಾತ್ರ ಹೊಳೆಯುವ ಹಸಿರಾಗಿತ್ತು. ಬೆನ್ನ ಮೇಲೆ ಜೋಡಿಸಿಕೊಂಡಿದ್ದ ರೆಕ್ಕೆಗಳು ಒಣಗಿದ ಎಲೆಯಂತೆ ಕಪ್ಪುಗಂದಾಗಿದ್ದವು. ಎದ್ದು ಹಾರಿದ ಕ್ಷಣದಲ್ಲಿ ನವಿಲಿನ ಕುತ್ತಿಗೆಯ ಹಸಿರು ಮಿಂಚಿತು, ಮತ್ತೆ ಕುಳಿತ ಕೂಡಲೇ ಮಾಯವಾಯಿತು. ಇದು ಒಂದೇ ಕೀಟವೇ, ಅಥವಾ ಎರಡು ಜಾತಿಯವು ಒಂದೇ ಬಂಡೆಗಾಗಿ ಜಗಳವಾಡುತ್ತಿವೆಯೇ ಎಂಬುದು ನನ್ನ ಮೊದಲ ಸಂಶಯ. ಅದೇ ಜಾಗದಲ್ಲಿ, ನೀರಿಗೆ ಬಾಗಿದ ಕೇದಗೆಯ ಎಲೆಗಳ ಮೇಲೆ, ಜೇನುಬಣ್ಣದ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳಿರುವ ಇನ್ನೊಂದು ಬಗೆಯವೂ ಇರುತ್ತವೆ. ತೋಟದ ಒಳಗೆ, ನೀರಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರದ ನೆರಳಿನಲ್ಲಿ, ಮೈ ಹಸಿರಾಗಿದ್ದರೂ ರೆಕ್ಕೆ ಗಾಜಿನಂತೆ ತಿಳಿಯಾಗಿರುವ ಮತ್ತೊಂದು ಬಗೆಯವು ಗುಂಪಾಗಿ ಕುಳಿತಿರುತ್ತವೆ.

ಇನ್ನೂ ಒಂದು ವಿಷಯವಿದೆ. ಡಿಸೆಂಬರಿನಲ್ಲಿ ಕಟ್ಟ (ಬೇಸಗೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟುವ ತಾತ್ಕಾಲಿಕ ಒಡ್ಡು) ಹಾಕಿದ ಮೇಲೆ ನೀರು ನಿಂತ ಭಾಗದಲ್ಲಿ ಈ ಹಸಿರು ರೆಕ್ಕೆಯವು ಒಂದೂ ಕಾಣಿಸುವುದಿಲ್ಲ. ಅಲ್ಲಿಂದ ಮೇಲಕ್ಕೆ, ಕಲ್ಲುಗಳ ನಡುವೆ ನೀರು ಸದ್ದು ಮಾಡುತ್ತ ಹರಿಯುವಲ್ಲಿ ಮಾತ್ರ ಇರುತ್ತವೆ. ಇದಕ್ಕೆ ಕಾರಣವೇನು? ಕನ್ನಡದಲ್ಲಿ ಇದಕ್ಕೊಂದು ಹೆಸರಿದ್ದರೆ ಅದನ್ನೂ ತಿಳಿಸಬೇಕಾಗಿ ವಿನಂತಿ. ಪ್ರಾಜೆಕ್ಟಿನ ಪುಟದ ಮೇಲೆ ಹೆಸರಿನ ಜಾಗ ಇನ್ನೂ ಖಾಲಿಯಿದೆ.

ಉತ್ತರ 1: ಮುಟ್ಟಾಳೆ (ಮುಳ್ಳೇರಿಯ)

ಅಕ್ಕಾ, ನೀವು ವರ್ಣಿಸಿದ್ದು ಒಂದೇ ಕೀಟ, ಮತ್ತು ನೀವೂ ಮಗಳೂ ಇಬ್ಬರೂ ಸರಿ. ಇಂಗ್ಲಿಷಿನಲ್ಲಿ ಇದನ್ನು ಸ್ಟ್ರೀಮ್ ಗ್ಲೋರಿ ಎನ್ನುತ್ತಾರೆ. ವೈಜ್ಞಾನಿಕ ಹೆಸರು ನ್ಯೂರೋಬೇಸಿಸ್ ಚೈನೆನ್ಸಿಸ್. 1758ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಚೀನಾದ ಹೆಸರು ಅಂಟಿಕೊಂಡಿತೇ ಹೊರತು, ಅದು ಪಶ್ಚಿಮ ಘಟ್ಟದ ತೊರೆಗಳಲ್ಲಿಯೂ, ಹಿಮಾಲಯದ ತಪ್ಪಲಿನಲ್ಲಿಯೂ, ಅಲ್ಲಿಂದ ಪೂರ್ವಕ್ಕೆ ಚೀನಾದವರೆಗೂ ಹರಡಿರುವ ಜೀವಿ.

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ನಾವು ಏರೋಪ್ಲೇನ್ ಚಿಟ್ಟೆ ಎಂದು ಒಟ್ಟಾಗಿ ಕರೆಯುವ ಗುಂಪಿನಲ್ಲಿ ಎರಡು ಬಗೆಗಳಿವೆ. ದಪ್ಪ ಮೈಯ, ಕುಳಿತಾಗಲೂ ರೆಕ್ಕೆಯನ್ನು ಅಗಲವಾಗಿ ಬಿಚ್ಚಿಯೇ ಇಡುವ, ದೊಡ್ಡ ಕಣ್ಣುಗಳು ಹೆಚ್ಚಿನವುಗಳಲ್ಲಿ ನೆತ್ತಿಯ ಮೇಲೆ ಒಂದಕ್ಕೊಂದು ತಾಗುವ ಬಗೆ ಡ್ರ್ಯಾಗನ್‌ಫ್ಲೈ. ಸೂಜಿಯಂತೆ ತೆಳುವಾದ, ಕುಳಿತಾಗ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುವ, ಎರಡು ಕಣ್ಣುಗಳೂ ತಲೆಯ ಎರಡು ಬದಿಗೆ ದೂರ ದೂರ ಇರುವ ಬಗೆ ಡ್ಯಾಮ್ಸೆಲ್‌ಫ್ಲೈ. ನಿಮ್ಮದು ಎರಡನೆಯ ಬಗೆಯದು, ಆ ಬಗೆಯಲ್ಲಿ ದೊಡ್ಡ ಗಾತ್ರದ್ದು. ತಲೆಯಿಂದ ಬಾಲದ ತುದಿಯವರೆಗೆ ಸುಮಾರು 6 ಸೆಂಟಿಮೀಟರ್ ಇರುತ್ತದೆ.

ಈಗ ಬಣ್ಣದ ವಿಷಯ. ಗಂಡಿನ ಮುಂರೆಕ್ಕೆಗಳು ತಿಳಿಯಾಗಿರುತ್ತವೆ, ತುಸು ಹಳದಿ ಹಸಿರಿನ ಛಾಯೆ ಮಾತ್ರ ಇರುತ್ತದೆ. ವೈಭವವೆಲ್ಲ ಹಿಂರೆಕ್ಕೆಯಲ್ಲಿದೆ: ಬುಡದಿಂದ ಮೂರನೇ ಎರಡು ಪಾಲು ಲೋಹದ ಹೊಳಪಿನ ಹಸಿರು, ತುದಿಯ ಮೂರನೇ ಒಂದು ಪಾಲು ಕಪ್ಪು. ಆದರೆ ಈ ಹಸಿರು ಇರುವುದು ರೆಕ್ಕೆಯ ಮೇಲ್ಮೈಯಲ್ಲಿ ಮಾತ್ರ. ಕೆಳಮೈ ಮಂಕಾದ ಕಪ್ಪುಗಂದು. ಡ್ಯಾಮ್ಸೆಲ್‌ಫ್ಲೈ ರೆಕ್ಕೆ ಮಡಚುವಾಗ ಎಡಬಲಗಳ ಮೇಲ್ಮೈಗಳು ಒಳಗಡೆಗೆ ಸೇರಿ, ಕೆಳಮೈ ಹೊರಗೆ ಕಾಣಿಸುತ್ತದೆ. ಜರಿಯ ಸೀರೆಯನ್ನು ಒಳಮಗ್ಗುಲು ಹೊರಗೆ ಮಾಡಿ ಮಡಚಿಟ್ಟಂತೆ ಎಂದರೆ ಮಗಳಿಗೂ ಸುಲಭವಾಗಿ ಅರ್ಥವಾದೀತು.

ಆ ಹಸಿರು ಬಳಿದ ಬಣ್ಣವೂ ಅಲ್ಲ. 2004ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಕೀಟದ ಹಿಂರೆಕ್ಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೆಕ್ಕೆಯ ಪೊರೆಯೊಳಗೆ ಒಂದರ ಮೇಲೊಂದು ಹಾಸಿದ ಅತಿ ತೆಳುವಾದ ಪದರಗಳಿಂದ ಈ ಹೊಳಪು ಬರುತ್ತದೆಂದು ತೋರಿಸಿದರು. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದಕ್ಕೂ ಇದಕ್ಕೂ ಮೂಲ ತತ್ತ್ವ ಒಂದೇ: ಪದರ ಪದರದಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿಕೊಂಡು, ಹಸಿರು ಮಾತ್ರ ಬಲವಾಗಿ ನಮ್ಮ ಕಣ್ಣಿಗೆ ಬರುತ್ತದೆ. ನೋಡುವ ಕೋನ ಓರೆಯಾದಂತೆ ಹಸಿರು ನೀಲಿಯ ಕಡೆಗೆ ವಾಲುತ್ತದೆ.

ಕೇದಗೆಯ ಮೇಲೆ ಕಂಡ ಜೇನುಬಣ್ಣದವು ಇದೇ ಜಾತಿಯ ಹೆಣ್ಣುಗಳು. ಹೆಣ್ಣಿನ ಹಿಂರೆಕ್ಕೆಯ ಮುಂದಿನ ಅಂಚಿನ ನಡುಭಾಗದಲ್ಲಿ ಒಂದು ಬಿಳಿ ಚುಕ್ಕೆ, ತುದಿಯ ಬಳಿ ಇನ್ನೊಂದು ಇರುತ್ತದೆ. ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈಗಳ ರೆಕ್ಕೆಯ ತುದಿಯಲ್ಲಿ ಸಾಮಾನ್ಯವಾಗಿ ಇರಬೇಕಾದ ಈ ತುದಿಚುಕ್ಕೆ ಸ್ಟ್ರೀಮ್ ಗ್ಲೋರಿಯ ಗಂಡಿನಲ್ಲಿ ಇಲ್ಲವೇ ಇಲ್ಲ. ಚಿತ್ರ ಬರೆಯುವವರು ತಪ್ಪುವುದು ಇಲ್ಲಿಯೇ.

ಹೆಸರಿನ ಬಗ್ಗೆ ಹೇಳುವುದಾದರೆ, ನಮ್ಮ ನೆರೆಯ ಮಲೆಯಾಳದಲ್ಲಿ ಇದಕ್ಕೆ ಪೀಲಿತ್ತುಂಬಿ ಎಂಬ ಸೊಗಸಾದ ಹೆಸರಿದೆ. ನವಿಲುಗರಿಯ ಪೀಲಿಯೇ ಅದು. ಕನ್ನಡದಲ್ಲಿ ತುಂಬಿ ಎಂದರೆ ಹೂವಿಗೆ ಮುತ್ತುವ ದುಂಬಿ, ಮಲೆಯಾಳದಲ್ಲಿ ತುಂಬಿ ಎಂದರೆ ಏರೋಪ್ಲೇನ್ ಚಿಟ್ಟೆ. ನಮ್ಮ ಊರಿನ ಶಾಲೆಗಳಲ್ಲಿ ಎರಡೂ ಭಾಷೆಯ ಮಕ್ಕಳು ಒಂದೇ ಅಂಗಳದಲ್ಲಿ ಆಡುವುದರಿಂದ ಈ ಗೊಂದಲ ನನಗೂ ಚಿಕ್ಕಂದಿನಲ್ಲಿ ಆಗಿತ್ತು. ಪುಟದ ಮೇಲೆ ‘ಪೀಲಿ ಏರೋಪ್ಲೇನ್ ಚಿಟ್ಟೆ’ ಎಂದು ಬರೆದರೆ ನನ್ನ ಆಕ್ಷೇಪವಿಲ್ಲ.

ಉತ್ತರ 2: ಪಯಸ್ವಿನಿ ತಟ (ಅಡೂರು)

ಮುಟ್ಟಾಳೆಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನೆರಳಿನಲ್ಲಿ ಗುಂಪಾಗಿ ಕುಳಿತಿರುವವುಗಳ ಬಗ್ಗೆ ಅವರು ಏನೂ ಹೇಳಲಿಲ್ಲವಾದ್ದರಿಂದ ಅದನ್ನು ನಾನು ಸೇರಿಸುತ್ತೇನೆ. ನಾಲ್ಕೂ ರೆಕ್ಕೆಗಳು ತಿಳಿಯಾಗಿದ್ದು ಮೈ ಮಾತ್ರ ಹಸಿರಾಗಿದ್ದರೆ ಅದು ಸ್ಟ್ರೀಮ್ ಗ್ಲೋರಿಯಲ್ಲ, ಅದೇ ಕುಟುಂಬದ ಫಾರೆಸ್ಟ್ ಗ್ಲೋರಿ. ರೆಕ್ಕೆ ಪೂರ್ತಿ ತಿಳಿಯಾಗಿದ್ದರೆ ವೆಸ್ಟಾಲಿಸ್ ಗ್ರ್ಯಾಸಿಲಿಸ್, ತುದಿಯಲ್ಲಿ ಕಪ್ಪು ಇದ್ದರೆ ವೆಸ್ಟಾಲಿಸ್ ಎಪಿಕಾಲಿಸ್. ಮಲೆಯಾಳದವರು ಇವನ್ನು ತಣಲ್‌ತ್ತುಂಬಿ ಎನ್ನುತ್ತಾರೆ. ತಣಲ್ ಎಂದರೆ ನೆರಳು. ಹೆಸರಿಗೆ ತಕ್ಕಂತೆ ಅವು ತೊರೆಯ ಸಮೀಪದ ಪೊದೆಗಳ ನೆರಳನ್ನು ಬಿಟ್ಟು ಬಿಸಿಲಿಗೆ ಬರುವುದು ಅಪರೂಪ. ನಮ್ಮ ತೋಟದ ಸುರಂಗದ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಬಾವಿಯ) ಬಾಯಿಯಲ್ಲಿ, ಜರಿಗಿಡಗಳ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ಹತ್ತು ಹನ್ನೆರಡು ಒಟ್ಟಿಗೆ ಕುಳಿತಿರುವುದನ್ನು ನೋಡಿದ್ದೇನೆ. ಒಂದನ್ನು ಎಬ್ಬಿಸಿದರೆ ಎಲ್ಲವೂ ಮೆಲ್ಲಗೆ ಎದ್ದು, ಎರಡು ಮಾರು ಆಚೆಗೆ ಹೋಗಿ, ಪುನಃ ಕುಳಿತುಕೊಳ್ಳುತ್ತವೆ.

ಸ್ಟ್ರೀಮ್ ಗ್ಲೋರಿಯ ಸ್ವಭಾವ ಇದಕ್ಕೆ ವಿರುದ್ಧ. ಅದರ ಗಂಡಿಗೆ ಬಿಸಿಲು ಬೇಕು, ನೀರಿನ ನಡುವೆ ಬಂಡೆಯೋ ಬಾಗಿದ ಕೊಂಬೆಯೋ ಬೇಕು, ಮತ್ತು ಅದರ ಸುತ್ತಲಿನ ಒಂದಷ್ಟು ನೀರು ತನ್ನದೇ ಆಗಿರಬೇಕು. ಕುಳಿತಲ್ಲಿಯೇ ಆಗಾಗ ರೆಕ್ಕೆಯನ್ನು ಫಕ್ಕನೆ ಬಿಚ್ಚಿ ಮುಚ್ಚುತ್ತದೆ. ಆ ಹಸಿರು ಮಿಂಚು ಇನ್ನೊಂದು ಗಂಡಿಗೆ ಎಚ್ಚರಿಕೆ. ಎಚ್ಚರಿಕೆಯನ್ನು ಲೆಕ್ಕಿಸದೆ ಬಂದವನನ್ನು ನೀರಿನ ಮೇಲೆ ಅಟ್ಟಾಡಿಸಿ, ಹೆಚ್ಚಿನ ಸಲ ಹೊರಟ ಬಂಡೆಗೇ ಮರಳುತ್ತದೆ. ಹೆಣ್ಣು ಬಂದಾಗ ನಡೆಯುವ ಪ್ರದರ್ಶನ ಇನ್ನೂ ವಿಶೇಷವಾದುದು: ಗಂಡು ಮುಂರೆಕ್ಕೆಗಳನ್ನು ಮಾತ್ರ ವೇಗವಾಗಿ ಬಡಿಯುತ್ತ ತೇಲಿಕೊಂಡು, ಹಿಂರೆಕ್ಕೆಗಳನ್ನು ಬಡಿಯದೆ ಬಿಚ್ಚಿ ಹಿಡಿಯುತ್ತದೆ. ಯಕ್ಷಗಾನದ ವೇಷ ರಂಗಕ್ಕೆ ಬಂದು ಕೈಗಳನ್ನು ಅಗಲಿಸಿ ನಿಂತಂತೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಕಾಲುಗಳು ಕುಣಿಯುತ್ತಿದ್ದರೂ ನಮ್ಮ ಕಣ್ಣು ಹೋಗುವುದು ಭುಜಕೀರ್ತಿಗೆ.

ಕೂಡಿದ ಮೇಲೆ ಹೆಣ್ಣು ನೀರಿನಲ್ಲಿ ಮುಳುಗಿದ ಬೇರು ಅಥವಾ ಸಸ್ಯದ ಒಳಗೆ ಒಂದೊಂದಾಗಿ ಮೊಟ್ಟೆಗಳನ್ನು ಚುಚ್ಚಿ ಇಡುತ್ತದೆ. ಈ ಕುಟುಂಬದ ಗಂಡುಗಳು ಆಗ ಹೆಣ್ಣನ್ನು ಹಿಡಿದುಕೊಂಡಿರದೆ, ಪಕ್ಕದಲ್ಲಿ ಕುಳಿತು ಕಾವಲು ಕಾಯುತ್ತವೆ. ಕಾವಲಿಗೆ ಕಾರಣ ಪ್ರೀತಿಯೊಂದೇ ಅಲ್ಲ. ಇದೇ ಕುಟುಂಬಕ್ಕೆ ಸೇರಿದ ಅಮೆರಿಕದ ಒಂದು ಡ್ಯಾಮ್ಸೆಲ್‌ಫ್ಲೈಯ ಮೇಲೆ 1979ರಲ್ಲಿ ಪ್ರಕಟವಾದ ಅಧ್ಯಯನವು, ಹೊಸದಾಗಿ ಕೂಡುವ ಗಂಡು ತನ್ನ ವೀರ್ಯವನ್ನು ಬಿಡುವ ಮೊದಲು, ಹಿಂದಿನ ಗಂಡು ಬಿಟ್ಟದ್ದನ್ನು ಹೆಣ್ಣಿನ ದೇಹದಿಂದ ಕೆರೆದು ತೆಗೆಯುತ್ತದೆಂದು ತೋರಿಸಿತು. ಕಣ್ಣು ತಪ್ಪಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಇದನ್ನು ಆರನೆಯ ತರಗತಿಯ ಪ್ರಾಜೆಕ್ಟಿನಲ್ಲಿ ಬರೆಯಬೇಕೆಂದೇನೂ ಇಲ್ಲ.

ತೋಡಿನ ಕರೆ (ಪೆರ್ಲ)

ಇಬ್ಬರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮರುದಿನವೇ ನಮಗೊಂದು ಪುರಾವೆ ಸಿಕ್ಕಿತು. ಸಂಕದ ಕೆಳಗೆ ಜೇಡನ ಬಲೆಯಲ್ಲಿ ಒಂದೇ ಒಂದು ಹಿಂರೆಕ್ಕೆ ನೇತಾಡುತ್ತಿತ್ತು. ಉಳಿದ ಭಾಗವೆಲ್ಲ ಹೋಗಿತ್ತು. ಅದನ್ನು ಬಿಡಿಸಿ ತಂದು ಜಗಲಿಯಲ್ಲಿ ಬಿಳಿ ಕಾಗದದ ಮೇಲೆ ಇಟ್ಟೆವು. ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದವಿತ್ತು. ಒಂದು ಮಗ್ಗುಲು ಹಸಿರು, ಮಗುಚಿ ಹಾಕಿದರೆ ಕಂದು. ಮಗಳು ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮೆಲ್ಲನೆ ಓರೆ ಮಾಡಿದಾಗ ಹಸಿರು ನೀಲಿಯಾಗಿ, ಮತ್ತೂ ಓರೆ ಮಾಡಿದಾಗ ಹೊಳಪೇ ಆರಿಹೋಯಿತು. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಹಸಿರೆಂಬುದೇ ಇಲ್ಲ, ಮೀನುಬಲೆಯ ಹಾಗೆ ನೂರಾರು ಸಣ್ಣ ಸಣ್ಣ ಕಣ್ಣುಗಳಿರುವ ಕಂದು ಪೊರೆ ಮಾತ್ರ. ತುದಿಯ ಬಿಳಿ ಚುಕ್ಕೆ ಇರಲಿಲ್ಲ. ಆದ್ದರಿಂದ ಅದು ಗಂಡಿನದೇ ಎಂದು ಅವಳು ತೀರ್ಪು ಕೊಟ್ಟಳು. ರೆಕ್ಕೆಯನ್ನು ಪ್ರಾಜೆಕ್ಟಿನ ಪುಟಕ್ಕೆ ಅಂಟಿಸಬೇಕೆಂದಿದ್ದಳು, ಆದರೆ ಅಂಟಿಸಿದರೆ ಒಂದು ಮಗ್ಗುಲು ಮುಚ್ಚಿಹೋಗುತ್ತದೆಂದು ಈಗ ಅದನ್ನು ಪ್ಲಾಸ್ಟಿಕ್ ಲಕೋಟೆಯೊಳಗೆ ಇಟ್ಟಿದ್ದಾಳೆ.

ಕಟ್ಟದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮನೆಯವರು, ‘ಕಟ್ಟ ಹಾಕಬಾರದು ಎಂದು ಹೇಳುವವರ ಮಾತು ಕೇಳಲು ಹೋಗಬೇಡ’ ಎನ್ನುತ್ತಿದ್ದಾರೆ.

ಉತ್ತರ 3: ನಿವೃತ್ತ ಮಾಷ್ಟ್ರು (ಬದಿಯಡ್ಕ)

ತಂಗೀ, ನಿನ್ನ ಮನೆಯವರ ಹೆದರಿಕೆ ಅನಗತ್ಯ. ಕಟ್ಟ ಬೇಡವೆಂದು ಈ ಊರಿನಲ್ಲಿ ಹುಟ್ಟಿದ ಯಾರೂ ಹೇಳಲಾರರು. ಬೇಸಗೆಯಲ್ಲಿ ನಮ್ಮ ಬಾವಿ, ಕೆರೆಗಳಿಗೆ ಒರತೆ ಉಳಿಯುವುದೇ ಅದರಿಂದ. ಆದರೂ ನೀನು ಗಮನಿಸಿದ ವಿಷಯ ನಿಜವಾದುದು. ಅದರ ಕಾರಣವನ್ನು ತಿಳಿಯಬೇಕಾದರೆ, ನಾವು ನೋಡುವ ರೆಕ್ಕೆಯ ಕೀಟವನ್ನು ಬಿಟ್ಟು ನೀರಿನೊಳಗಿರುವ ಅದರ ಮರಿಯನ್ನು ಗಮನಿಸಬೇಕು.

ಡ್ಯಾಮ್ಸೆಲ್‌ಫ್ಲೈಯ ಬಾಳಿನ ಹೆಚ್ಚಿನ ಪಾಲು ಕಳೆಯುವುದು ನೀರಿನ ಒಳಗೆ. ರೆಕ್ಕೆ ಬಂದ ಮೇಲಿನ ಬದುಕು ಅದಕ್ಕೆ ಹೋಲಿಸಿದರೆ ಸ್ವಲ್ಪ ದಿನದ್ದು. ಮರಿಯು ಕಡ್ಡಿಯಂತೆ ಸಪೂರವಾಗಿ, ಕಂದುಬಣ್ಣವಾಗಿ, ಹರಿವಿನಲ್ಲಿ ತೊಯ್ಯುವ ಬೇರುಗಳನ್ನೂ ಕೊಳೆತ ಸೊಪ್ಪು ಕಡ್ಡಿಗಳನ್ನೂ ಉದ್ದ ಕಾಲುಗಳಿಂದ ಅಪ್ಪಿಕೊಂಡಿರುತ್ತದೆ. ಅದರ ಬಾಲದ ತುದಿಯಲ್ಲಿ ಎಸಳುಗಳಂತಹ ಮೂರು ಕಿವಿರುಗಳಿರುತ್ತವೆ. ಕೆಳದುಟಿಯು ಮಡಚಿದ ತೋಳಿನಂತಿದ್ದು, ಸೊಳ್ಳೆಯ ಮರಿಯೋ ಇನ್ನಾವುದೋ ಹುಳವೋ ಹತ್ತಿರ ಬಂದಾಗ ಥಟ್ಟನೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಸ್ಟ್ರೀಮ್ ಗ್ಲೋರಿಯ ಕುಟುಂಬದ ಮರಿಗಳನ್ನು ಗುರುತಿಸಲು ಇನ್ನೊಂದು ಸುಲಭದ ಲಕ್ಷಣವಿದೆ: ಅವುಗಳ ಮೀಸೆಯ ಮೊದಲ ಗೆಣ್ಣು ಉಳಿದೆಲ್ಲ ಗೆಣ್ಣುಗಳಿಗಿಂತ ಬಹಳ ಉದ್ದವಾಗಿ, ತಲೆಯ ಮುಂದೆ ಎರಡು ಕೊಂಬುಗಳಂತೆ ಚಾಚಿಕೊಂಡಿರುತ್ತದೆ.

ಕಲ್ಲುಗಳಿಗೆ ಬಡಿದು ಹರಿಯುವ ನೀರಿನಲ್ಲಿ ಗಾಳಿ ಬೆರೆಯುತ್ತದೆ, ಹೂಳು ನಿಲ್ಲುವುದಿಲ್ಲ. ಇಂತಹ ನೀರಿಗೆ ಒಗ್ಗಿದ ಮರಿಗೆ ಕಟ್ಟದ ಹಿಂದಿನ ನಿಂತ ನೀರು ಹಿಡಿಸುವುದಿಲ್ಲ. ಅಲ್ಲಿ ನೀರು ಬೆಚ್ಚಗಾಗಿ ಆಮ್ಲಜನಕ ಕಡಿಮೆಯಾಗುತ್ತದೆ, ಕೆಸರು ಕುಳಿತು ಬೇರುಗಳನ್ನು ಮುಚ್ಚುತ್ತದೆ. ಗಂಡಿಗೆ ಬೇಕಾದ ಬಂಡೆಗಳೂ ಮುಳುಗಿರುತ್ತವೆ. ಹೆಣ್ಣು ಬರುವ ಜಾಗದಲ್ಲಿ ಗಂಡು ಕಾಯುತ್ತದೆ, ಮೊಟ್ಟೆಗೆ ಹರಿವು ಇರುವಲ್ಲಿಗೆ ಹೆಣ್ಣು ಬರುತ್ತದೆ. ಆದ್ದರಿಂದ ಎರಡೂ ಮೇಲಕ್ಕೆ ಸರಿದವು. ಅದೇ ನಿಂತ ನೀರನ್ನು ಇಷ್ಟಪಡುವ ಬೇರೆ ಜಾತಿಗಳು ಆ ಜಾಗಕ್ಕೆ ಬರುತ್ತವೆ. ಕಟ್ಟದ ಅಂಚಿನ ಹುಲ್ಲಿನಲ್ಲಿ ಹಳದಿ ಬಾಲದ ಸಣ್ಣ ಡ್ಯಾಮ್ಸೆಲ್‌ಫ್ಲೈಗಳನ್ನು ನೀನು ಕಂಡಿರಬಹುದು.

ನನಗೆ ಬೇಸರವಿರುವುದು ಈಗಿನ ಕಟ್ಟದ ರೀತಿಯ ಬಗ್ಗೆ ಮಾತ್ರ. ನನ್ನ ತಂದೆಯ ಕಾಲದ ಕಟ್ಟ ಕಲ್ಲು, ಮಣ್ಣು, ಸೊಪ್ಪಿನದು. ಎಷ್ಟು ಮೆತ್ತಿದರೂ ಸಂದಿಯಿಂದ ಸ್ವಲ್ಪ ನೀರು ಜಿನುಗಿ, ಕೆಳಗಿನ ತೋಡು ಪೂರ್ತಿ ಬತ್ತುತ್ತಿರಲಿಲ್ಲ. ಈಗ ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಹನಿಯೂ ದಾಟದಂತೆ ಮಾಡುತ್ತೇವೆ. ಕಟ್ಟದ ನೆತ್ತಿಯಲ್ಲಿ ಎರಡಿಂಚಿನ ಪೈಪು ಒಂದನ್ನು ಇಟ್ಟರೆ ಕೆಳಗೆ ಹರಿವೂ ಉಳಿಯುತ್ತದೆ, ಕೆಳಗಿನ ತೋಟದವರ ಬೈಗುಳವೂ ಕಡಿಮೆಯಾಗುತ್ತದೆ.

ಕಟ್ಟಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಮದ್ದು ಬಿಡುವ ಕಾಲದ ಬಗ್ಗೆ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತಿನ ತಾಮ್ರವು ಶಿಲೀಂಧ್ರಕ್ಕೆ ಮಾತ್ರವಲ್ಲ, ನೀರಿನ ಸಣ್ಣ ಜೀವಿಗಳಿಗೂ ವಿಷ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಗೆ. ಆಗ ತೋಡಿನಲ್ಲಿ ನೀರು ವರ್ಷದಲ್ಲೇ ಅತಿ ಕಡಿಮೆ. ಇದ್ದಬದ್ದ ಮರಿಗಳೆಲ್ಲ ಉಳಿದ ನಾಲ್ಕು ಗುಂಡಿಗಳಲ್ಲಿ ಒತ್ತಾಗಿರುತ್ತವೆ. ಸಂಜೆ ಕೆಲಸ ಮುಗಿಸಿ ಡ್ರಮ್ಮನ್ನೂ ಪೈಪುಗಳನ್ನೂ ತೊಳೆಯುವುದು ಅದೇ ಗುಂಡಿಯಲ್ಲಿ. ನಾನೂ ಮೂವತ್ತು ವರ್ಷ ಹಾಗೆಯೇ ತೊಳೆದವನು. ಜುಲೈಯ ಎರಡನೆಯ ಸಿಂಪಡಣೆಯ ಹೊತ್ತಿಗೆ ತೋಡು ತುಂಬಿ ಹರಿಯುವುದರಿಂದ ಅಷ್ಟು ಹಾನಿಯಿಲ್ಲ.

ನಿಮ್ಮ ಕಡೆಯ ಗೇರುಗುಡ್ಡೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕತೆಯನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆ ಗುಡ್ಡೆಗಳಿಂದ ಇಳಿಯುವ ತೋಡುಗಳಲ್ಲಿ ಒಂದು ಇಂದು ಪೀಲಿತ್ತುಂಬಿಯನ್ನು ಸಾಕುತ್ತಿದೆ ಎಂದು ಓದಿ ನನಗೆ ಬಹಳ ಸಮಾಧಾನವಾಯಿತು.

ಉತ್ತರ 4: ಮುಟ್ಟಾಳೆ (ಮುಳ್ಳೇರಿಯ)

ಮಾಷ್ಟ್ರೇ, ಮೇ ತಿಂಗಳ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಈ ಸಲ ಡ್ರಮ್ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಡಲು ಹೇಳಿದ್ದೇನೆ.

ಅಕ್ಕಾ, ಮೇಲ್ಗಡೆಯ ಹರಿವಿನಲ್ಲಿ ಹುಡುಕುವಾಗ ಇನ್ನೊಂದನ್ನೂ ಗಮನಿಸಿ. ನೀರಿಗೆ ಬಿದ್ದು ನೆನೆದ ಮರದ ತುಂಡುಗಳಿರುವಲ್ಲಿ, ಪೀಲಿತ್ತುಂಬಿಯ ಅರ್ಧದಷ್ಟು ಮಾತ್ರ ಉದ್ದದ, ರೆಕ್ಕೆಗಿಂತ ಹೊಟ್ಟೆಯೇ ಗಿಡ್ಡವಾಗಿರುವ, ಮೂತಿ ಮುಂದಕ್ಕೆ ಚಾಚಿಕೊಂಡಿರುವ ಒಂದು ಡ್ಯಾಮ್ಸೆಲ್‌ಫ್ಲೈ ಸಿಗಬಹುದು. ಗಂಡಿನ ಕಪ್ಪು ಬೆನ್ನಿನ ಮೇಲೆ ಕೆಂಪು ತ್ರಿಕೋನ, ರೆಕ್ಕೆಯ ಕಪ್ಪು ತುದಿಯಲ್ಲಿ ನೇರಳೆ ಹೊಳಪಿನ ಕಿಟಕಿಗಳು. ಅದು ಸ್ಟ್ರೀಮ್ ರೂಬಿ, ಹೀಲಿಯೋಸೈಫಾ ಬೈಸಿಗ್ನೇಟಾ, ಮಲೆಯಾಳದಲ್ಲಿ ನೀರ್‌ಮಾಣಿಕ್ಯನ್. ಭಾರತದ ಹೊರಗೆ ಎಲ್ಲೂ ಇಲ್ಲದ ಜಾತಿ. ನೆನೆದ ಮರದಲ್ಲಿಯೇ ಮೊಟ್ಟೆಯಿಡುವುದರಿಂದ, ತೋಡು ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಎಲ್ಲ ತುಂಡುಗಳನ್ನೂ ಎತ್ತಿ ಹಾಕಿಸಬೇಡಿ.

ತೋಡಿನ ಕರೆ (ಪೆರ್ಲ)

ಮಾಷ್ಟ್ರೇ, ಪೈಪಿನ ಸಲಹೆಯನ್ನು ಮನೆಯವರು ಒಪ್ಪಿದ್ದಾರೆ, ಎರಡಿಂಚಿನದು ಬೇಡ, ಒಂದೂವರೆ ಸಾಕು ಎಂಬ ಚೌಕಾಸಿಯೊಂದಿಗೆ. ಮಾಣಿಕ್ಯ ಇನ್ನೂ ಕಂಡಿಲ್ಲ. ಆದರೆ ಇಂದು ಬೆಳಗ್ಗೆ, ಕಟ್ಟದಿಂದ ಇಪ್ಪತ್ತು ಮಾರು ಮೇಲೆ, ನೀರಿನಿಂದ ಒಂದು ಗೇಣು ಎತ್ತರದಲ್ಲಿ, ಬಂಡೆಯ ಮಗ್ಗುಲಿಗೆ ಕಚ್ಚಿಕೊಂಡಿದ್ದ ಒಂದು ಖಾಲಿ ಪೊರೆ ಮಗಳ ಕಣ್ಣಿಗೆ ಬಿತ್ತು. ಕಾಲುಗಳೆಲ್ಲ ಇದ್ದ ಹಾಗೆಯೇ ಇದ್ದವು, ಬೆನ್ನು ಮಾತ್ರ ಉದ್ದಕ್ಕೆ ಸೀಳಿತ್ತು, ಸೀಳಿನಿಂದ ಬಿಳಿ ನೂಲಿನಂತಹ ಎಳೆಗಳು ಹೊರಬಂದಿದ್ದವು. ತಲೆಯ ಮುಂದೆ ಮಾಷ್ಟ್ರು ಹೇಳಿದ ಎರಡು ಕೊಂಬುಗಳಿದ್ದವು. ಬಾಲದ ಎಸಳುಗಳನ್ನು ಎಣಿಸಿದೆವು, ಎರಡೇ ಇದ್ದವು. ಮೂರನೆಯದು ಎಲ್ಲಿ ಮುರಿಯಿತೋ. ಮಗಳು ಚಿತ್ರದಲ್ಲಿ ಮೂರನ್ನೂ ಬರೆದು, ಒಂದನ್ನು ಚುಕ್ಕೆ ಗೆರೆಯಲ್ಲಿ ತೋರಿಸಿದ್ದಾಳೆ.